ಹಳೆ ದೋಣಿ ಕೊಳ್ಳುವ ಮೊದಲು ಮಗುಚಿ ನೋಡಿ

ಮಳೆಗಾಲ ಮುಗಿಯುತ್ತಾ ಬಂದಂತೆ ಕಸಬಾ ಬೆಂಗ್ರೆ, ಕೋಟೆಪುರ, ಉಳ್ಳಾಲ, ಹರೇಕಳ, ಕೂಳೂರು ಕಡೆಯ ಹೊಳೆಬದಿಗಳಲ್ಲಿ ಒಂದು ಮಾತು ಸುತ್ತಾಡಲು ಶುರುವಾಗುತ್ತದೆ. "ಅಲ್ಲೊಂದು ದೋಣಿ ಉಂಟಂತೆ, ಕಡಿಮೆಗೆ ಕೊಡ್ತಾರಂತೆ." ಮಾತು ಕೇಳಿದವರಲ್ಲಿ ಗಲ್ಫ್‌ನಿಂದ ಕೆಲಸ ಬಿಟ್ಟು ಬಂದವರಿರುತ್ತಾರೆ, ಧಕ್ಕೆಯಲ್ಲಿ ದಿನಗೂಲಿ ಮಾಡಿ ಸಾಕಾಗಿ ಸ್ವಂತದ್ದೊಂದು ಬೇಕು ಅನ್ನುವವರಿರುತ್ತಾರೆ, ಬೆಳಗ್ಗೆ ಎರಡು ಗಂಟೆ ಬೀಸುಬಲೆ ಹಾಕಿ ಮನೆ ಖರ್ಚಿಗೆ ದಾರಿ ಮಾಡಿಕೊಳ್ಳುವ ಆಸೆಯವರಿರುತ್ತಾರೆ. ಮರುವಾಯಿ ಹೆಕ್ಕಲು, ಗಾಳ ಹಾಕಲು, ಆಚೆ ದಡದ ತೋಟದಿಂದ ತೆಂಗಿನಕಾಯಿ ತರಲು ಒಂದು ಚಿಕ್ಕ ದೋಣಿ ಸಾಕು.

ಹೊಸತು ಮಾಡಿಸುವುದು ಎಲ್ಲರಿಗೂ ಆಗುವ ಮಾತಲ್ಲ. ಹಾಗಾಗಿ ಹಳೆಯದ್ದೇ ಗತಿ. ಹಳೆ ದೋಣಿ ಕೊಳ್ಳುವುದು ಹಳೆ ಬೈಕ್ ಕೊಂಡ ಹಾಗಲ್ಲ ಮಾರಾಯ್ರೆ. ಬೈಕ್ ಕೆಟ್ಟರೆ ದಾರಿ ಬದಿ ನಿಲ್ಲುತ್ತದೆ. ದೋಣಿ ಕೆಟ್ಟರೆ ಹೊಳೆ ನಡುವೆ ನಿಲ್ಲುತ್ತದೆ, ಒಳಗೆ ನಿಮ್ಮ ಮಗನೋ ತಮ್ಮನೋ ಇರುತ್ತಾನೆ. ಉಮ್ಮನ ಬಳೆ ಅಡವಿಟ್ಟು ತಂದ ಹಣವೂ ಅದರಲ್ಲೇ ಇರುತ್ತದೆ. ಆದ್ದರಿಂದ ಈ ವಾರ ಹಳೆ ದೋಣಿಯನ್ನು ಗುರುತಿಸುವುದು, ಪರೀಕ್ಷಿಸುವುದು, ಕೊಳ್ಳುವುದು ಹೇಗೆ ಎಂಬುದನ್ನೇ ಮಾತಾಡೋಣ.

ನಂಬರ್ ಇಲ್ಲದ ದೋಣಿಯ ಗುರುತು

ದೋಣಿಯೂ ನಮ್ಮವರೂ ಹೊಸ ಪರಿಚಯದವರಲ್ಲ. 14ನೇ ಶತಮಾನದಲ್ಲಿ, 1342ರ ಆಸುಪಾಸಿಗೆ, ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಈ ಕರಾವಳಿಯಲ್ಲಿ ಬಂದಾಗ ನಮ್ಮ ಊರನ್ನು ಮಂಜರೂರ್ ಎಂದು ಕರೆದಿದ್ದಾನೆ. ಮಲಬಾರಿನಲ್ಲೇ ದೊಡ್ಡದಾದ ಅಳಿವೆ ಇಲ್ಲಿದೆ, ಸುಮಾರು 4 ಸಾವಿರ ಮುಸ್ಲಿಮರು ಇಲ್ಲಿ ನೆಲೆಸಿದ್ದಾರೆ ಎಂದು ಬರೆದಿದ್ದಾನೆ. ಹಿಂದೂ ಮಹಾಸಾಗರದ ಈ ಬದಿಯ ಹಡಗುಗಳನ್ನು ಕಬ್ಬಿಣದ ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿಯುತ್ತಾರೆ, ಬಂಡೆಗೆ ತಾಗಿದರೆ ಮೊಳೆ ಹೊಡೆದ ಹಡಗು ಒಡೆಯುತ್ತದೆ, ಹೊಲಿದದ್ದು ಬಾಗಿ ತಾಳಿಕೊಳ್ಳುತ್ತದೆ ಎಂಬುದೂ ಅವನ ಬರಹದಲ್ಲಿದೆ. ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಸಾಗಿಸುವ ಮಂಜಿಗಳನ್ನು ನೋಡಿ ಬೆಳೆದ ನಮಗೆ ಮರ, ನಾರು, ಎಣ್ಣೆ ಇವುಗಳ ಸಂಬಂಧ ಹೇಳಿಕೊಡಬೇಕಾಗಿಲ್ಲ.

ಆದರೆ ಗುರುತಿಸುವ ವಿಷಯದಲ್ಲಿ ನಮಗೊಂದು ತೊಡಕಿದೆ. ಅಮೆರಿಕ, ಕೆನಡಾದಲ್ಲಿ ಜನ ಹಳೆ ಕನೂ ದೋಣಿ ಕೊಳ್ಳುವಾಗ ಮೊದಲು ಹುಡುಕುವುದು ಅದರ ಸೀರಿಯಲ್ ನಂಬರನ್ನು. ಮೇನ್ ರಾಜ್ಯದ ಓಲ್ಡ್ ಟೌನ್ ಎಂಬ ಪ್ರಸಿದ್ಧ ಕಂಪನಿಯ ಹಳೆ ಮರದ ಕನೂಗಳ ತುದಿಯಲ್ಲಿ ಒತ್ತಿದ ನಂಬರ್ ಸಿಕ್ಕಿದರೆ ಅದನ್ನು ಎಂದು ಕಟ್ಟಿದ್ದು, ಯಾವ ಬಣ್ಣ, ಎಷ್ಟು ಉದ್ದ, ಯಾರಿಗೆ ಕಳಿಸಿದ್ದು ಎಂಬುದನ್ನು ಹಳೆ ದಾಖಲೆಯಿಂದ ತೆಗೆಯಬಹುದು. ಅಲ್ಲಿ 1972ರ ನಂತರ ತಯಾರಾದ ಪ್ರತಿ ದೋಣಿಗೂ ಗುರುತಿನ ಸಂಖ್ಯೆ ಕಡ್ಡಾಯ. ನಮ್ಮ ಹೊಳೆಯ ಹಳೆ ಮರದ ದೋಣಿಗೆ ಅಂಥದ್ದೆಂತದೂ ಇಲ್ಲ. ಅದರ ಗುರುತು ಇರುವುದು ಮರದಲ್ಲಿ, ಮೊಳೆಯಲ್ಲಿ, ಹೊಲಿಗೆಯ ತೂತಿನಲ್ಲಿ, ಕಟ್ಟಿದ ಆಚಾರಿಯ ಕೈಯಲ್ಲಿ, ಮತ್ತೆ ಅದನ್ನು ನಡೆಸಿದ ಮನೆಯವರ ಬಾಯಲ್ಲಿ. ಹಾಗಾಗಿ ಕೇಳಬೇಕು, ಮುಟ್ಟಬೇಕು, ಮೂಸಬೇಕು.

ಯಾವ ಜಾತಿಯ ದೋಣಿ?

ನಮ್ಮಲ್ಲಿ ಮಾರಾಟಕ್ಕೆ ಬರುವ ಚಿಕ್ಕ ದೋಣಿಗಳಲ್ಲಿ ಮೂರು ಬಗೆ. ಒಂದು, ಇಡೀ ಮರವನ್ನೇ ಕೊರೆದು ಮಾಡಿದ್ದು. ಎರಡು, ಹಲಗೆ ಜೋಡಿಸಿದ್ದು. ಹಳೆಯವಾದರೆ ನಾರಿನ ಹೊಲಿಗೆ, ಆಮೇಲಿನವಾದರೆ ಮೊಳೆ. ಮೂರು, ಫೈಬರ್. ಇವುಗಳ ನಡುವೆ ಬೆರಕೆಯೂ ಉಂಟು. ಕೊರೆದ ಮರದ ಅಡಿಗೆ ಹಲಗೆ ಏರಿಸಿ ಎತ್ತರ ಮಾಡಿದ್ದು, ಹಳೆ ಮರದ ದೋಣಿಯ ಮೈಗೆ ಫೈಬರ್ ಹೊದಿಸಿದ್ದು ಇತ್ಯಾದಿ. ಕೊನೆಯದ್ದನ್ನು ಜಾಗ್ರತೆಯಿಂದ ನೋಡಬೇಕು. ಒಣಗಿದ, ಗಟ್ಟಿ ಮರಕ್ಕೆ ಸರಿಯಾಗಿ ಹೊದಿಸಿದ್ದರೆ ಅದು ರಕ್ಷೆ. ಮರ ಕೊಳೆಯುತ್ತಾ ಬಂದ ಮೇಲೆ ಹೊದಿಸಿದ್ದರೆ ಅದು ಬರೀ ಕಫನ್.

ಕೊರೆದ ದೋಣಿ ಈಗ ಹೊಸತಾಗಿ ಬರುವುದು ಅಪರೂಪ. ಅಷ್ಟು ದಪ್ಪದ ಮರ ಸಿಗುವುದಿಲ್ಲ, ಸಿಕ್ಕಿದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡಿಯಲು ಅನುಮತಿ ಬೇಕು. ಮರ ಕೊರೆಯಬಲ್ಲ ಆಚಾರಿಗಳೂ ಕಡಿಮೆಯಾದರು. ಹಾಗಾಗಿ ಒಳ್ಳೆಯ ಹಳೆಯದೊಂದು ಸಿಕ್ಕಿದರೆ ಅದಕ್ಕೆ ಬೆಲೆ ಉಂಟು. ಆ ಬೆಲೆ ಕೆಲವೊಮ್ಮೆ ಮೀನಿಗಾಗಿ ಅಲ್ಲ, ರೆಸಾರ್ಟಿನ ಅಂಗಳದಲ್ಲಿ ಹೂ ನೆಡುವುದಕ್ಕಾಗಿ. ನಿಮಗೆ ನೀರಿಗಿಳಿಸುವ ದೋಣಿ ಬೇಕಾದರೆ ಅಂಗಳದ ದೋಣಿಯ ರೇಟು ಕೊಡಬೇಡಿ. ಅಂಗಳಕ್ಕೇ ಸರಿಯಾದದ್ದನ್ನು ನೀರಿಗಿಳಿಸಲೂ ಬೇಡಿ.

ಮರ ಯಾವುದು?

ಮಾರುವವರು ಎಲ್ಲ ದೋಣಿಯನ್ನೂ "ಹೆಬ್ಬಲಸು" ಅನ್ನುತ್ತಾರೆ. ಕರಾವಳಿಯಲ್ಲಿ ದೋಣಿಗೆ ಹೆಸರು ಮಾಡಿದ ಮರ ಅದೇ. ಮಲಯಾಳದವರು ಆಂಞಿಲಿ ಅನ್ನುವುದೂ ಇದನ್ನೇ. ಉಪ್ಪುನೀರು ತಾಳುತ್ತದೆ, ಬೇಗ ಕೊಳೆಯುವುದಿಲ್ಲ. ಆದರೆ ಕೊರೆದ ದೋಣಿಗಳಲ್ಲಿ ಮಾವಿನವೂ ತುಂಬ. ಮಾವು ಸುಲಭಕ್ಕೆ ಸಿಗುವ, ಕೊರೆಯಲು ಒಳ್ಳೆಯ ಮರ. ಆದರೆ ಎಣ್ಣೆ ಕಾಣದೆ ಬಿಟ್ಟರೆ ಬೇಗ ಹಾಳಾಗುತ್ತದೆ.

ಗೊತ್ತಾಗುವುದು ಹೇಗೆ? ಒಳಗಿನ ಕಾಣದ ಮೂಲೆಯೊಂದರಲ್ಲಿ ಯಜಮಾನರ ಅನುಮತಿ ಕೇಳಿ ಚಾಕುವಿನಿಂದ ಉಗುರಿನಷ್ಟು ಜಾಗ ಕೆರೆಯಿರಿ. ಹೆಬ್ಬಲಸಾದರೆ ಒಳಗೆ ಹಳದಿ ಮಿಶ್ರಿತ ಕಂದು, ಬಂಗಾರದ ಛಾಯೆ. ಮಾವಾದರೆ ಬೂದು ಕಂದು, ಮಂಕು. ಸಾಗುವಾನಿಯಾದರೆ ಕೆರೆದಾಗಲೇ ಎಣ್ಣೆಯ ವಾಸನೆ ಬರುತ್ತದೆ, ಬೆರಳಿಗೆ ಮೇಣದ ಹಾಗೆ ಹತ್ತುತ್ತದೆ. ಸಂಶಯ ಬಂದರೆ ಮರದ ಕೆಲಸ ಬಲ್ಲ ಒಬ್ಬರನ್ನು ಕರೆದುಕೊಂಡು ಹೋಗಿ. ಅವರಿಗೆ ಕೊಡುವ ಅರ್ಧ ದಿನದ ಮಜೂರಿ ನಷ್ಟವಲ್ಲ.

ಮಾವು ಅಂತ ಗೊತ್ತಾದ ಕೂಡಲೇ ಬಿಟ್ಟು ಬರಬೇಕಾಗಿಲ್ಲ. ಚೆನ್ನಾಗಿ ಎಣ್ಣೆ ಕುಡಿದ ಮಾವಿನ ದೋಣಿ, ಅನಾಥವಾಗಿ ಬಿಸಿಲಿಗೆ ಬಿದ್ದ ಹೆಬ್ಬಲಸಿಗಿಂತ ಮೇಲು. ಆದರೆ ಮಾವಿಗೆ ಹೆಬ್ಬಲಸಿನ ಹಣ ಕೊಡಬಾರದು, ಅಷ್ಟೇ.

ಎಲ್ಲಿ ಬದುಕಿದ ದೋಣಿ?

ಕೇಳಲೇಬೇಕಾದ ಪ್ರಶ್ನೆ ಇದು: "ಕಾಕ, ಇದನ್ನು ಇಷ್ಟು ವರ್ಷ ಎಲ್ಲಿ ಕಟ್ಟಿ ಹಾಕುತ್ತಿದ್ದಿರಿ?"

ಬೆಂಗ್ರೆ, ಬಂದರ್, ಕೋಟೆಪುರದ ನೀರು ವರ್ಷದ ಹೆಚ್ಚು ಕಾಲ ಉಪ್ಪು. ಮಳೆಗಾಲದಲ್ಲಿ ಮಾತ್ರ ನೇತ್ರಾವತಿ, ಗುರುಪುರ ಎರಡೂ ಹೊಳೆ ತುಂಬಿ ಹರಿದು ಸಿಹಿಯಾಗುತ್ತದೆ. ಉಪ್ಪುನೀರಿನಲ್ಲಿ ಕೊಳೆತ ನಿಧಾನ, ಆದರೆ ಮರ ಕೊರೆಯುವ ಹುಳದ ಕಾಟ ಜೋರು. ಮೇಲಿನ ಸಿಹಿನೀರಿನ ಕಡೆ, ತುಂಬೆ ಅಣೆಕಟ್ಟಿನಾಚೆ, ಆ ಹುಳ ಇಲ್ಲ. ಅಲ್ಲಿ ತೊಂದರೆ ಕೊಡುವುದು ಬೂಷ್ಟು ಹಿಡಿದು ಬರುವ ಕೊಳೆತ. ಅದರಲ್ಲೂ ಮಳೆನೀರು ನಿಲ್ಲುವ ದೋಣಿಯ ಒಳಗೆ.

ಮರ ಕೊರೆಯುವ ಆ ಹುಳ ನಿಜಕ್ಕೂ ಹುಳವೇ ಅಲ್ಲ. ನಾವು ಸಾರು ಮಾಡಿ ತಿನ್ನುವ ಮರುವಾಯಿಯ ದೂರದ ಸಂಬಂಧಿ, ಚಿಪ್ಪಿನ ಜೀವಿ. ಮರಿಯಾಗಿದ್ದಾಗ ಸೂಜಿಮೊನೆಯಷ್ಟು ತೂತು ಮಾಡಿ ಒಳಗೆ ಹೊಕ್ಕುತ್ತದೆ, ಒಳಗೆ ಬೆಳೆಯುತ್ತಾ ಬೆರಳು ಗಾತ್ರದ ಸುರಂಗ ಮಾಡುತ್ತದೆ. ಹೊರಗಿನ ತೂತು ಮಾತ್ರ ಸಣ್ಣದಾಗಿಯೇ ಉಳಿಯುತ್ತದೆ. ಹಾಲೆಂಡಿನಲ್ಲಿ 1730ರ ದಶಕದಲ್ಲಿ ಸಮುದ್ರ ತಡೆಯುವ ಕಟ್ಟೆಗಳ ಮರವನ್ನೆಲ್ಲ ಇದು ತಿಂದು ಹಾಕಿ, ಕೊನೆಗೆ ಮರ ಬಿಟ್ಟು ಕಲ್ಲು ಕಟ್ಟಬೇಕಾಯಿತು. ಹಾಗಿರುವಾಗ ನಮ್ಮ ದೋಣಿ ಯಾವ ಲೆಕ್ಕ? ಹಾಗಾಗಿ ಉಪ್ಪುನೀರಿನ ದೋಣಿಯಲ್ಲಿ ಸೂಜಿತೂತು ಹುಡುಕಿ, ಸಿಹಿನೀರಿನ ದೋಣಿಯಲ್ಲಿ ಮೆತ್ತಗಾದ ಜಾಗ ಹುಡುಕಿ.

ದಡದ ಮೇಲಿನ ಪರೀಕ್ಷೆ

ದೋಣಿಯನ್ನು ನೀರಲ್ಲಿ ತೇಲುತ್ತಿರುವಾಗ ನೋಡಿ ಮಾತು ಮುಗಿಸಬೇಡಿ. ಎಳೆದು ದಡಕ್ಕೆ ಹಾಕಿ, ಮಗುಚಿ, ಒಂದೆರಡು ದಿನ ಒಣಗಿದ ಮೇಲೆ ಹಗಲು ಹೊತ್ತಲ್ಲಿ ನೋಡಿ. ಮಗುಚಲು ಬಿಡದವರ ದೋಣಿ ಕೊಳ್ಳುವುದು ಬೇಡ.

ಮೊದಲು ಮೂತಿಯಿಂದ ಹಿಂಬದಿಗೆ ಅಡಿಯುದ್ದಕ್ಕೂ ಒಂದು ದಾರ ಎಳೆದು ಹಿಡಿಯಿರಿ. ಕೊರೆದ ದೋಣಿಯ ಅಡಿ ಕಟ್ಟಿದಾಗಲೇ ಸ್ವಲ್ಪ ಬಾಗಿರುವುದು ಸಹಜ. ಆದರೆ ಒಂದು ಬದಿಗೆ ತಿರುಚಿದ್ದರೆ, ನಡುವೆ ಮೇಲಕ್ಕೆ ಉಬ್ಬಿ ಎರಡು ತುದಿ ಕುಸಿದಿದ್ದರೆ ಬೆನ್ನು ಮುರಿದಿದೆ ಎಂದರ್ಥ. ಅದನ್ನು ಯಾರೂ ರಿಪೇರಿ ಮಾಡಿ ಮೊದಲಿನ ಹಾಗೆ ಮಾಡಿಕೊಡುವುದಿಲ್ಲ. ಅಂಥದ್ದು ಹುಟ್ಟು ಹಾಕುವಾಗ ಒಂದೇ ಬದಿಗೆ ಎಳೆಯುತ್ತಾ ಇರುತ್ತದೆ.

ಆಮೇಲೆ ಬಡಿದು ನೋಡಿ. ಮರದ ಸಣ್ಣ ಕೊಡತಿ ಅಥವಾ ಚಾಕುವಿನ ಹಿಡಿ ಸಾಕು. ಒಳ್ಳೆಯ ಮರ "ಟಣ್" ಎಂದು ಗಟ್ಟಿಯಾಗಿ ಮಾತಾಡುತ್ತದೆ, ಟೊಳ್ಳಾದದ್ದು "ಡಬ್" ಅನ್ನುತ್ತದೆ. ಅಂಗೈ ಅಗಲಕ್ಕೆ ಒಂದರಂತೆ ಬಡಿಯುತ್ತಾ ಹೋಗಿ, ಸದ್ದು ಬದಲಾದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಆ ಗುರುತುಗಳಲ್ಲಿ ಮಾತ್ರ ಮೊಳೆಮೊನೆ ಚುಚ್ಚಿ ನೋಡಿ. ಕಾಲಿಂಚು ಸಲೀಸಾಗಿ ಇಳಿದರೆ ಅಲ್ಲಿ ಮರ ಸತ್ತಿದೆ. ಸೂಜಿತೂತು ಕಂಡಲ್ಲಿ ತೆಳು ತಂತಿ ತೂರಿಸಿ. ತಂತಿ ಒಳಗೊಳಗೇ ಉದ್ದಕ್ಕೆ ಹೋದರೆ ಸುರಂಗ ಉಂಟು.

ಕೊರೆದ ದೋಣಿ ಮೊದಲು ಸೀಳುವುದು ಎರಡು ತುದಿಗಳಲ್ಲಿ. ಅಲ್ಲಿ ತಗಡು ಬಡಿದಿದ್ದರೆ ತಪ್ಪಲ್ಲ, ಬಹುಪಾಲು ಹಳೆ ದೋಣಿಗಳಿಗೂ ತಗಡು ಉಂಟು. ಆದರೆ ತಗಡಿನ ಕೆಳಗೆ ಸೀಳು ಎಷ್ಟುದ್ದ ಹೋಗಿದೆ ಎಂದು ತಿಳಿಯದೆ ಹಣ ಎಣಿಸಬೇಡಿ. ಒಂದು ತಗಡಾದರೂ ಬಿಚ್ಚಿ ತೋರಿಸಲು ಹೇಳಿ, ಹೊಸ ಮೊಳೆಯ ಖರ್ಚು ನೀವೇ ಕೊಡಿ.

ಹಲಗೆ ದೋಣಿಯಾದರೆ ಮೊಳೆಯ ಸುತ್ತ ನೋಡಿ. ಕಬ್ಬಿಣದ ಮೊಳೆ ತುಕ್ಕು ಹಿಡಿದಾಗ ಸುತ್ತಲಿನ ಮರ ಕಪ್ಪಾಗುತ್ತದೆ, ಆಮೇಲೆ ಪುಡಿಯಾಗುತ್ತದೆ. ಮೊಳೆ ಬೆರಳಲ್ಲಿ ಅಲ್ಲಾಡಿದರೆ ಆ ಹಲಗೆ ಲೆಕ್ಕಕ್ಕಿಲ್ಲ. ಒಳಗಿನ ಅಡ್ಡಮರಗಳ ಬುಡ ನೀರು ನಿಲ್ಲುವ ಜಾಗ, ಕೊಳೆತ ಅಲ್ಲಿಂದಲೇ ಸುರು. ನಾರಿನ ಹೊಲಿಗೆಯದ್ದಾದರೆ ಹಗ್ಗ ಹಳತಾಗಿರುವುದು ದೋಷವಲ್ಲ, ಹಗ್ಗ ಬದಲಿಸುವುದೇ ಅದರ ಕ್ರಮ. ನೋಡಬೇಕಾದದ್ದು ಹಗ್ಗ ಹೋಗುವ ತೂತುಗಳ ಅಂಚು. ಅದು ಹರಿದಿದ್ದರೆ ಮರುಹೊಲಿಗೆ ನಿಲ್ಲುವುದಿಲ್ಲ.

ಹೊಸ ಪೇಂಟು ಕಂಡರೆ ಖುಷಿಪಡಬೇಡಿ. ಮಾರುವ ವಾರ ಬಳಿದ ಪೇಂಟು ಮದುವೆ ಮನೆಯ ಪೌಡರ್ ಇದ್ದ ಹಾಗೆ. ಮೀನೆಣ್ಣೆ ಬಳಿದು ಕಪ್ಪಾಗಿ, ಮೂಗು ಮುಚ್ಚುವ ಹಾಗೆ ವಾಸನೆ ಬರುವ ದೋಣಿಯೇ ನಂಬಿಕೆಗೆ ಹತ್ತಿರ.

ನೀರಿನ ಪರೀಕ್ಷೆ

ಇಲ್ಲಿ ಹೊಸಬರು ಎರಡು ಬದಿಯಲ್ಲೂ ಮೋಸ ಹೋಗುತ್ತಾರೆ. ಒಣಗಿದ ಮರದ ದೋಣಿಯನ್ನು ನೀರಿಗೆ ಹಾಕಿದ ದಿನ ನೀರು ಬರುವುದು ಸಹಜ. ಮರ ನೀರು ಕುಡಿದು ಉಬ್ಬಿ ಸಂದು ಮುಚ್ಚಿಕೊಳ್ಳಲು ಸಮಯ ಬೇಕು. ಹಾಗಾಗಿ ಮೊದಲ ದಿನದ ಸೋರಿಕೆ ನೋಡಿ ಒಳ್ಳೆಯ ದೋಣಿ ಬಿಟ್ಟು ಬರುವವರುಂಟು. ಮಾರುವವರು "ಮರ ಕುಡಿದರೆ ಸರಿಯಾಗ್ತದೆ" ಅಂದ ಮಾತು ನಂಬಿ ಕೆಟ್ಟದ್ದು ಕೊಂಡವರೂ ಉಂಟು. ನ್ಯಾಯದ ದಾರಿ ಎಂತದಂದರೆ, ಸಣ್ಣ ಮುಂಗಡ ಕೊಟ್ಟು ಮೂರು ದಿನ ನೀರಲ್ಲಿ ಕಟ್ಟಿ ಹಾಕಿಸಿ. ದಿನಾ ಬೆಳಗ್ಗೆ ಎಷ್ಟು ಚೆಂಬು ಅಥವಾ ಬಕೆಟ್ ನೀರು ತೆಗೆದಿರಿ ಎಂದು ಬರೆದಿಡಿ. ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ ಬಂದರೆ ಮರ ಉಬ್ಬಿಕೊಂಡಿದೆ. ಮೂರನೇ ದಿನವೂ ಮೊದಲ ದಿನದಷ್ಟೇ ಬಂದರೆ ಅದು ಮರ ಮುಚ್ಚಬಲ್ಲ ತೂತಲ್ಲ. ಮಳೆ ಬಂದ ದಿನ ಈ ಲೆಕ್ಕ ಇಡಬೇಡಿ, ಮಳೆನೀರು ಸೋರಿಕೆಯ ಲೆಕ್ಕಕ್ಕೆ ಸೇರಿಹೋಗುತ್ತದೆ.

ನಂತರ ಭಾರ ಹಾಕಿ ನೋಡಿ. 18 ಅಡಿ ಉದ್ದ, ನಡುವೆ 3 ಅಡಿ ಅಗಲ, ಎರಡೂ ತುದಿ ಚೂಪಾದ ದೋಣಿ ಒಂದು ಇಂಚು ಕೆಳಗಿಳಿಯಲು ಸುಮಾರು 90 ಕಿಲೊ ಭಾರ ಬೇಕು. ಮೂವರು ಆಳು, ಒದ್ದೆ ಬಲೆ, ಮೀನಿನ ಬುಟ್ಟಿ ಸೇರಿ 300 ಕಿಲೊ ಆದರೆ ಮೂರೂವರೆ ಇಂಚಿನಷ್ಟು ಇಳಿಯುತ್ತದೆ. ಅಷ್ಟೇ ಭಾರಕ್ಕೆ ನೀವು ನೋಡುವ ದೋಣಿ ಅದಕ್ಕಿಂತ ತುಂಬ ಹೆಚ್ಚು ಇಳಿದರೆ ಅದರ ರೂಪವೇ ಸಪೂರ ಎಂದು ತಿಳಿಯಿರಿ. ಖಾಲಿ ಇರುವಾಗಲೇ ಆಳವಾಗಿ ಕೂತಿದ್ದರೆ ಮರ ನೀರು ಹೀರಿ ಭಾರವಾಗಿರಬೇಕು. ಭಾರ ಹಾಕಿದ ಮೇಲೂ ಬದಿಯ ಅಂಚು ನೀರಿನಿಂದ ಒಂದು ಅಡಿ ಮೇಲಿದ್ದರೆ ನೆಮ್ಮದಿ. ಮಳೆಗಾಲದ ಸಿಹಿನೀರಿನಲ್ಲಿ ಉಪ್ಪುನೀರಿಗಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ ಎಂಬುದೂ ನೆನಪಿರಲಿ.

ಒಬ್ಬರು ನಡುವೆ ಎದ್ದು ನಿಂತು ಬೀಸುಬಲೆ ಎಸೆಯುವ ಹಾಗೆ ಮೈ ತಿರುಗಿಸಲಿ. ನಿಧಾನಕ್ಕೆ ವಾಲಿ ಹಿಂದೆ ಬರುವುದು ಒಳ್ಳೆಯ ದೋಣಿ. ವಾಲಿದ ಕಡೆಯೇ ನಿಲ್ಲುವುದು ಬೇಡವೇ ಬೇಡ. ಈ ಪರೀಕ್ಷೆ ಸೊಂಟ ಮಟ್ಟದ ನೀರಿನಲ್ಲಿ, ಈಜು ಬಲ್ಲವರಿಂದ, ಲೈಫ್ ಜಾಕೆಟ್ ಹಾಕಿಯೇ ಆಗಲಿ.

ಫೈಬರ್ ಮತ್ತು ಇಂಜಿನ್

ಫೈಬರಿಗೆ ಹುಳ ಬೀಳುವುದಿಲ್ಲ, ಕೊಳೆಯುವುದಿಲ್ಲ ನಿಜ. ಆದರೆ ಮರ ನೀರು ತುಂಬಿದರೂ ತೇಲುತ್ತದೆ, ಫೈಬರ್ ನೀರಿಗಿಂತ ಭಾರ. ಒಳಗೆ ಗಾಳಿಪೆಟ್ಟಿಗೆಯೋ ಥರ್ಮೊಕೋಲೋ ಇಲ್ಲದಿದ್ದರೆ ತುಂಬಿದ ಫೈಬರ್ ದೋಣಿ ತಳ ಸೇರುತ್ತದೆ. ಆ ಪೆಟ್ಟಿಗೆಗಳಲ್ಲಿ ನೀರು ನಿಂತಿದೆಯೋ ಎಂದು ಅಲ್ಲಾಡಿಸಿ ಕೇಳಿ.

ಐದು ರೂಪಾಯಿ ನಾಣ್ಯದಲ್ಲಿ ಮೈಯೆಲ್ಲ ತಟ್ಟಿ. ಪದರ ಬಿಟ್ಟ ಕಡೆ ಸದ್ದು ಮಂಕು. ನಕ್ಷತ್ರದ ಹಾಗೆ ಬಿರುಕು ಇದ್ದಲ್ಲಿ ಯಾವತ್ತೋ ಜೋರಾಗಿ ತಾಗಿದೆ. ಬೊಕ್ಕೆಯ ಹಾಗೆ ಉಬ್ಬಿದ ಚುಕ್ಕೆಗಳಿದ್ದರೆ ನೀರು ಪದರದೊಳಗೆ ಹೊಕ್ಕಿದೆ. ಎಲ್ಲಕ್ಕಿಂತ ಮುಖ್ಯ, ಇಂಜಿನ್ ಕೂರುವ ಹಿಂಬದಿಯ ಗೋಡೆ. ಅದರೊಳಗೆ ಹೆಚ್ಚಾಗಿ ಪ್ಲೈವುಡ್ ಇರುತ್ತದೆ, ಬೋಲ್ಟಿನ ತೂತಿನಿಂದ ನೀರು ಹೊಕ್ಕು ಅದು ಕೊಳೆಯುತ್ತದೆ. ಇಂಜಿನ್ ಹಿಡಿದು ಮೇಲೆ ಕೆಳಗೆ ಒತ್ತಿದಾಗ ಗೋಡೆ ಅಲುಗಾಡಿದರೆ ದೊಡ್ಡ ಖರ್ಚು ಕಾದಿದೆ.

ಇಂಜಿನಿನ ರೇಟನ್ನು ದೋಣಿಯ ರೇಟಿನಿಂದ ಬೇರೆ ಮಾಡಿ ಕೇಳಿ. ಯಮಹಾ ಆಗಲಿ ಸುಜುಕಿ ಆಗಲಿ, ಅದರ ಮೈಮೇಲಿನ ನಂಬರ್ ಬಿಲ್ಲಿನ ನಂಬರಿಗೆ ತಾಳೆಯಾಗಬೇಕು. ನಂಬರ್ ಉಜ್ಜಿ ತೆಗೆದದ್ದಾದರೆ ಚೌಕಾಸಿಗೂ ನಿಲ್ಲಬೇಡಿ. ತಣ್ಣಗಿರುವಾಗ ನಿಮ್ಮ ಕೈಯಲ್ಲೇ ಸ್ಟಾರ್ಟ್ ಮಾಡಿ, ತಂಪು ನೀರಿನ ಎಳೆ ಹೊರಗೆ ಸರಿಯಾಗಿ ಚಿಮ್ಮುತ್ತಿದೆಯೋ ನೋಡಿ.

ಕಾಗದ ಪತ್ರ, ಪಾಲು

ಮರ ಚೆನ್ನಾಗಿದ್ದು ಕಾಗದ ಸರಿಯಿಲ್ಲದ್ದರಿಂದ ಹೋದ ಹಣವೂ ಕಡಿಮೆಯಲ್ಲ. ಮೀನುಗಾರಿಕೆಯ ದೋಣಿಯಾದರೆ ಮೀನುಗಾರಿಕೆ ಇಲಾಖೆಯ ನೋಂದಣಿ ಇರಬೇಕು. ಅದರ ಸಂಖ್ಯೆ ಐಎನ್‌ಡಿ-ಕೆಎ ಎಂದು ಸುರುವಾಗುತ್ತದೆ. ದೋಣಿಯ ಮೇಲೆ ಬರೆದದ್ದೂ ಪುಸ್ತಕದಲ್ಲಿರುವುದೂ ಒಂದೇ ಆಗಿರಲಿ, ಹಣ ಪೂರ್ತಿ ಕೊಡುವ ಮೊದಲೇ ಹೆಸರು ಬದಲಾವಣೆಗೆ ಅರ್ಜಿ ಹಾಕಿಸಿ. ಸೀಮೆಎಣ್ಣೆ ಪರ್ಮಿಟ್ ಇದೆ ಎಂದು ಹೆಚ್ಚು ಬೆಲೆ ಹೇಳಿದರೆ, ಅದು ನಿಮ್ಮ ಹೆಸರಿಗೆ ಬರುತ್ತದೋ ಎಂದು ಇಲಾಖೆಯಲ್ಲೇ ವಿಚಾರಿಸಿ. ಸೊಸೈಟಿಯ ಅಥವಾ ಬ್ಯಾಂಕಿನ ಸಾಲ ಬಾಕಿ ಇಲ್ಲ ಎಂಬ ಚೀಟಿ ಕೇಳಿ. ಜನ ಸಾಗಿಸಲು, ಇಂಜಿನ್ ಹಾಕಿ ಹೊಳೆಯಲ್ಲಿ ಬಾಡಿಗೆಗೆ ಓಡಿಸಲು ಯೋಚನೆ ಇದ್ದರೆ ಅದರ ಕಾನೂನು ಬೇರೆ. 1917ರ ಹಳೆ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ನೌಕೆಗಳ ಕಾಯ್ದೆಯ ಪ್ರಕಾರ ನೋಂದಣಿ, ತಪಾಸಣೆ ಎರಡೂ ಬೇಕು.

ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದು ಎಲ್ಲರಿಗೂ ಗೊತ್ತು. 10 ಅಶ್ವಶಕ್ತಿ ಮಿತಿಯೊಳಗಿನ ಇಂಜಿನಿನ ನಾಡದೋಣಿಗೆ ಅದರಿಂದ ವಿನಾಯಿತಿ. ನೀವು ಕೊಳ್ಳುವ ಇಂಜಿನ್ ಆ ಮಿತಿಯೊಳಗಿದೆಯೋ ಎಂಬುದು ಎರಡು ತಿಂಗಳ ಅನ್ನದ ಪ್ರಶ್ನೆ.

ಹೊಳೆಯಲ್ಲಿ ಓಡುವ ದೊಡ್ಡ ಹೊಟ್ಟೆಯ ದೋಣಿ ತೀರಾ ಕಡಿಮೆಗೆ ಸಿಕ್ಕಿದರೆ ಹಿಂದೆ ಎಂತಕ್ಕೆ ಬಳಸಿದ್ದರು ಎಂದು ಕೇಳಿ. ಅಕ್ರಮ ಮರಳುಗಾರಿಕೆಯಲ್ಲಿ ದೋಣಿ ಮುಟ್ಟುಗೋಲಾದ ಸುದ್ದಿ ನೀವು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೀರಿ. ಕೇಸಿನಲ್ಲಿರುವ ದೋಣಿ ನಿಮ್ಮ ಅಂಗಳಕ್ಕೆ ಬಂದರೆ ಅದರ ಹಿಂದೆ ಪೊಲೀಸರೂ ಬರುತ್ತಾರೆ.

ಇನ್ನೊಂದು ಸಂಗತಿಯನ್ನು ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಉಪ್ಪ ತೀರಿಕೊಂಡ ಮೇಲೆ ದೋಣಿ ಹಿರಿಮಗನೊಬ್ಬನದ್ದಲ್ಲ. ಅದರಲ್ಲಿ ಉಮ್ಮನಿಗೆ ಪಾಲು ಉಂಟು, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಉಂಟು. ಮನೆ, ಜಾಗಕ್ಕೆ ಎಲ್ಲರ ಸಹಿ ಕೇಳುವ ನಾವು ದೋಣಿ, ಬಲೆ, ಇಂಜಿನ್ ಬಂದಾಗ "ಅದು ಗಂಡಸರ ಸಾಮಾನು" ಎಂದು ಬಿಟ್ಟುಬಿಡುತ್ತೇವೆ. ವಿಧವೆ ತಂಗಿಯೊಬ್ಬಳಿಗೆ ಆ ಪಾಲು ಮಕ್ಕಳ ಒಂದು ವರ್ಷದ ಫೀಸು ಆಗಬಹುದು. ಆದ್ದರಿಂದ ಮೃತರ ದೋಣಿ ಕೊಳ್ಳುವಾಗ ಎಲ್ಲ ಹಕ್ಕುದಾರರ ಒಪ್ಪಿಗೆ ಸಹಿ ಪಡೆಯಿರಿ, ಹೆಂಗಸರ ಸಹಿ ಮೊದಲು. ಅದು ಅವರಿಗೂ ನ್ಯಾಯ, ನಾಳೆ ನಿಮಗೂ ರಕ್ಷೆ. ಇಬ್ಬರು ಮೂವರು ಪಾಲುದಾರರ ದೋಣಿಗೂ ಇದೇ ಮಾತು.

ಮಾರುವವರಿಗೂ ಒಂದು ಮಾತು. ಸರಕಿನ ಕುಂದು ಮುಚ್ಚಿಟ್ಟು ಮಾರಬಾರದು ಎಂಬುದು ಚಿಕ್ಕಂದಿನಲ್ಲಿ ಮದ್ರಸದಲ್ಲೇ ಕಲಿತದ್ದು. ಅಂಗಡಿಯ ಅಕ್ಕಿಗೆ ಅನ್ವಯಿಸುವ ಆ ನಿಯಮ ದೋಣಿಗೆ ಹತ್ತು ಪಟ್ಟು ಅನ್ವಯಿಸುತ್ತದೆ. ಅಕ್ಕಿಯ ಕಲ್ಲು ಹಲ್ಲು ಮುರಿಯುತ್ತದೆ, ದೋಣಿಯ ತೂತು ಜೀವ ತೆಗೆಯುತ್ತದೆ.

ರೇಟು ಮಾತಾಡುವುದು

ಉದಾಹರಣೆಗೆ ಅವರು 40 ಸಾವಿರ ಹೇಳಿದರು ಎಂದಿಟ್ಟುಕೊಳ್ಳಿ. ನಿಮ್ಮ ಲೆಕ್ಕ 40ರಿಂದ ಸುರುವಾಗಬಾರದು. ಸೀಮೆಸುಣ್ಣದ ಗುರುತುಗಳನ್ನು ಎಣಿಸಿ. ಹಲಗೆ ಬದಲಿಸುವ ಖರ್ಚು, ಆಚಾರಿಯ ಮಜೂರಿ, ಎಣ್ಣೆ, ಟೆಂಪೊ ಬಾಡಿಗೆ, ಎರಡು ಲೈಫ್ ಜಾಕೆಟ್, ಹಗ್ಗ, ಲಂಗರು ಎಲ್ಲ ಬರೆದು ಕೂಡಿಸಿ. ಅದು 25 ಸಾವಿರ ಆಯಿತೆಂದರೆ ಆ ದೋಣಿಯ ನಿಜವಾದ ಬೆಲೆ 65 ಸಾವಿರ. ಆ ಹಣಕ್ಕೆ ರಿಪೇರಿಯೇ ಬೇಡದ್ದು ಬೇರೆ ಕಡೆ ಸಿಗುತ್ತದೋ ವಿಚಾರಿಸಿ. ಪಟ್ಟಿಯನ್ನು ಮಾರುವವರ ಮುಂದೆಯೇ ಇಟ್ಟು ಮಾತಾಡಿ. ಮರ್ಯಾದಸ್ಥರಾದರೆ ಅವರೇ ಇಳಿಸುತ್ತಾರೆ.

ಮಾತು ಮುಗಿದರೆ ಸ್ಟಾಂಪ್ ಪೇಪರಿನಲ್ಲಿ ಉದ್ದ, ಅಗಲ, ಮರ, ನೋಂದಣಿ ಸಂಖ್ಯೆ, ಇಂಜಿನ್ ನಂಬರ್, ಕಂಡ ಕುಂದುಗಳು, ಕೊಟ್ಟ ಹಣ ಎಲ್ಲ ಬರೆಸಿ. ಇಬ್ಬರು ಸಾಕ್ಷಿ ಇರಲಿ. "ನಮ್ಮವರೇ ಅಲ್ವಾ, ಬರೆಯುವುದೆಂತಕ್ಕೆ" ಅನ್ನುವ ಸಂಕೋಚ ಬೇಡ. ನಮ್ಮವರ ನಡುವೆ ಜಗಳ ಬಾರದಿರಲಿ ಅಂತಲೇ ಬರೆಯುವುದು.

ತಂದ ಮೇಲೆ

ಮನೆಗೆ ತಂದ ದೋಣಿಯನ್ನು ಬಿಸಿಲಿಗೆ ಹಾಕಿದರೆ ಒಂದೇ ಬೇಸಗೆಯಲ್ಲಿ ಸೀಳುತ್ತದೆ. ತೆಂಗಿನ ಮರದ ನೆರಳಲ್ಲಿ, ನೆಲಕ್ಕೆ ತಾಗದ ಹಾಗೆ ಎರಡು ಅಡ್ಡಮರದ ಮೇಲೆ ಮಗುಚಿ, ಮೇಲೆ ಮಡಲು ಹೊದಿಸಿ. ಪ್ಲಾಸ್ಟಿಕ್ ಟರ್ಪಾಲು ಬಿಗಿಯಾಗಿ ಸುತ್ತಿದರೆ ಒಳಗೆ ಬೆವರಿ ಬೂಷ್ಟು ಬರುತ್ತದೆ. ಚೆನ್ನಾಗಿ ಒಣಗಿದ ಮೇಲೆ ಬೂತಾಯಿ ಎಣ್ಣೆ ಬಳಿಯಿರಿ, ಮರ ಕುಡಿಯುವಷ್ಟು ಕುಡಿಯಲಿ, ಮತ್ತೆ ಬಳಿಯಿರಿ. ಹೊರಮೈಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ನಮ್ಮ ಕಡೆಯ ಹಳೆ ಕ್ರಮ, ಹುಳಕ್ಕೂ ಅದು ಆಗುವುದಿಲ್ಲ. ಆದರೆ ಅದು ಚರ್ಮ ಸುಡುತ್ತದೆ. ಕೈಗವಸು ಹಾಕಿಯೇ ಬಳಿಯಿರಿ, ಮಕ್ಕಳನ್ನು ದೂರ ಇಡಿ. ಉಪ್ಪುನೀರಿನಲ್ಲಿ ಕಟ್ಟುವವರು ತಿಂಗಳಿಗೊಮ್ಮೆ ದಡಕ್ಕೆಳೆದು ಕೆಲವು ದಿನ ಒಣಗಿಸಿದರೆ ಒಳಗೆ ಸೇರಿದ ಮರಿಹುಳಗಳು ಸಾಯುತ್ತವೆ.

ಹೊಳೆಯ ದೋಣಿ ಹೊಳೆಗೆ ಮಾತ್ರ. ಬೆಂಗ್ರೆಯಿಂದ ಅಳಿವೆಬಾಗಿಲು ಕಣ್ಣಳತೆಯಲ್ಲೇ ಕಾಣುತ್ತದೆ, ಮೀನೂ ಅಲ್ಲೇ ಹೆಚ್ಚು ಅನ್ನುತ್ತಾರೆ. ಇಳಿತದ ಹೊತ್ತು ಹೊಳೆನೀರು ಹೊರಗೆ ನುಗ್ಗುವಾಗ ಎದುರಿಂದ ತೆರೆ ಬಂದು ಬಡಿದರೆ 18 ಅಡಿಯ ದೋಣಿ ಅಲ್ಲಿ ಎಲೆಯ ಹಾಗೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಸೆಳೆತ ಇನ್ನೂ ಜೋರು. ಮಕ್ಕಳ ಕೈಗೆ ಹುಟ್ಟು ಕೊಡುವ ಮೊದಲು ಯಾವ ಗಡಿ ದಾಟಬಾರದು ಎಂದು ತೋರಿಸಿ ಕೊಡಿ.

ಹರೇಕಳ ಮತ್ತು ಅಡ್ಯಾರಿನ ನಡುವೆ ಈಗ ಅಣೆಕಟ್ಟಿನ ಜೊತೆ ಸೇತುವೆ ಬಂದಿದೆ. ಇಂಥ ಸೇತುವೆಗಳು ಬಂದಲ್ಲೆಲ್ಲ ಕಡವಿನ ದೋಣಿಗಳು ಕೆಲಸ ಕಳಕೊಳ್ಳುತ್ತವೆ. ಆ ಹಳೆ ದೋಣಿಗಳಲ್ಲಿ ಕೆಲವಕ್ಕೆ ಇನ್ನೂ ಹತ್ತಿಪ್ಪತ್ತು ವರ್ಷದ ಆಯುಷ್ಯ ಉಂಟು, ಕೆಲವು ಒಲೆಗೆ ಮಾತ್ರ. ಯಾವುದು ಯಾವುದೆಂದು ಹೇಳಬಲ್ಲ ಹಿರಿಯರು ಪ್ರತಿ ಹೊಳೆಬದಿಯ ಜಮಾಅತ್‌ನಲ್ಲಿ ಒಬ್ಬಿಬ್ಬರಾದರೂ ಇದ್ದಾರೆ. ಜುಮಾ ಮುಗಿಸಿ ಹೊರಗೆ ಬಂದಾಗ ಅವರ ಹತ್ತಿರ ಎರಡು ಮಾತಾಡಿ, ದೋಣಿ ನೋಡಲು ಹೋಗುವ ದಿನ ಕೈ ಹಿಡಿದು ಕರಕೊಂಡು ಹೋಗಿ. ಅವರು ಬಡಿದು ನೋಡುವಾಗ ನಿಮ್ಮ ಮಗನೂ ಪಕ್ಕದಲ್ಲಿ ನಿಂತು ಆ ಸದ್ದು ಕೇಳಲಿ.